ಮೂವತ್ತೇಳು ದಿನ ಬಿದ್ದ ಚಿಲಕ

2006ರ ಜೂನ್ 19, ಸೋಮವಾರ, ಬೆಳಿಗ್ಗೆ 9 ಗಂಟೆ 45 ನಿಮಿಷ. ಬರೆಯಲು ಕೂರುವುದಕ್ಕೆ ಈ ಹೊತ್ತನ್ನು ನಾನೇ ಆರಿಸಿಕೊಂಡೆ. ಹತ್ತು ವರ್ಷಗಳ ಹಿಂದೆ ಬೈಲಹೊಂಗಲದ ಒಂದು ಕಾಲೇಜಿನಲ್ಲಿ, ಬಿ.ಎ. ಎರಡನೆಯ ವರ್ಷದ ಕೋಣೆಯ ಬಾಗಿಲಿಗೆ ಸರಿಯಾಗಿ ಈ ನಿಮಿಷಕ್ಕೆ ಒಳಗಿನಿಂದ ಚಿಲಕ ಬೀಳುತ್ತಿತ್ತು. ಹಾಕುತ್ತಿದ್ದವರು ನಮಗೆ ಅರ್ಥಶಾಸ್ತ್ರ ಕಲಿಸುತ್ತಿದ್ದ ಸರ್. ಹೊರಗೆ ಉಳಿಯುತ್ತಿದ್ದವಳು ನಾನು. ಆ ಒಂದು ವರ್ಷದಲ್ಲಿ ಮೂವತ್ತೇಳು ಸಲ.

ಈ ಸಂಖ್ಯೆ ನೆನಪಿನಿಂದ ಬರೆದದ್ದಲ್ಲ. ಗೊಬ್ಬರದ ಅಂಗಡಿಯವರು ಪ್ರತಿ ಹೊಸ ವರ್ಷಕ್ಕೆ ಅಪ್ಪನಿಗೆ ಒಂದು ಡೈರಿ ಕೊಡುತ್ತಿದ್ದರು. ಅಪ್ಪ ಅದನ್ನು ಮುಟ್ಟುತ್ತಿರಲಿಲ್ಲ. ಎಂಟನೆಯ ಇಯತ್ತೆಯಿಂದ ಅದು ನನ್ನದಾಯಿತು. ಎಷ್ಟು ಹೊತ್ತಿಗೆ ಎದ್ದೆ, ಬಸ್ಸು ಯಾವಾಗ ಬಂತು, ಯಾವ ಪಾಠ ಆಯಿತು, ಎಲ್ಲ ಬರೆದಿಟ್ಟಿದ್ದೇನೆ. ಪಿ.ಯು.ಸಿ.ಯಲ್ಲಿ ಇಂಗ್ಲಿಷ್ ಹೋದ ದಿನವೂ ಅದರಲ್ಲಿದೆ, ಅಕ್ಟೋಬರ್ ಪರೀಕ್ಷೆಯಲ್ಲಿ ಮೂರೇ ಅಂಕ ಹೆಚ್ಚು ಬಂದು ಪಾಸಾದ ದಿನವೂ ಇದೆ. ಆದ್ದರಿಂದ ಆ ಸರ್ ಅವರ ವಿಷಯದಲ್ಲಿ ನಾನು ಏನನ್ನೂ ಹೆಚ್ಚು ಮಾಡಿ ಹೇಳಬೇಕಾಗಿಲ್ಲ. ಇದ್ದಷ್ಟು ಹೇಳಿದರೆ ಸಾಕು.

ನಮ್ಮೂರು ದೊಡವಾಡ. ರಾತ್ರಿ ಬಂದು ಊರಲ್ಲೇ ತಂಗಿ ಬೆಳಿಗ್ಗೆ ಬೈಲಹೊಂಗಲಕ್ಕೆ ಹೊರಡುವ ಒಂದು ಬಸ್ಸಿತ್ತು. ವಸ್ತಿ ಬಸ್ಸು ಎನ್ನುತ್ತಿದ್ದರು. ಅದು ಹೊರಡುವ ಹೊತ್ತು ಎಂಟೂ ಮುಕ್ಕಾಲು. ಆ ಹೊತ್ತಿಗೆ ಹೊರಟರೆ ಒಂಬತ್ತೂವರೆಗೆ ಸ್ಟ್ಯಾಂಡು, ಅಲ್ಲಿಂದ ಎಂಟು ನಿಮಿಷ ನಡೆದರೆ ಕಾಲೇಜು. ಮೊದಲ ಪಿರಿಯಡ್ಡಿನ ಗಂಟೆ 9-40ಕ್ಕೆ. ಐದು ನಿಮಿಷದ ಸಡಿಲ ಕೊಟ್ಟು ಸರ್ ಚಿಲಕ ಹಾಕಿ, ಆಮೇಲೆ ಹಾಜರಿ ಕೂಗುತ್ತಿದ್ದರು. ಅವರ ನಿಯಮ ಒಂದೇ ಸಾಲಿನದು: "ಒಳಗ ಇದ್ದಾವರಿಗೆ ಹಾಜರಿ, ಹೊರಗ ಇದ್ದಾವರಿಗೆ ಗೈರು." ಬಸ್ಸು ಹತ್ತು ನಿಮಿಷ ತಡವಾಗಿ ಹೊರಟರೆ ನಾನು ಸ್ಟ್ಯಾಂಡಿನಿಂದ ಓಡಿಕೊಂಡು ಬಂದರೂ ಬಾಗಿಲು ಮುಚ್ಚಿರುತ್ತಿತ್ತು. ಆಗ ಕಾರಿಡಾರಿನ ಗೋಡೆಗೆ ಪುಸ್ತಕ ಒತ್ತಿ ದಿನಾಂಕ ಬರೆಯುತ್ತಿದ್ದೆ.

ಸರ್ ಕಿತ್ತೂರಿನವರು. ಅಷ್ಟು ದೂರದಿಂದ ಸ್ಕೂಟರಿನ ಮೇಲೆ ಬಂದರೂ ಒಂದು ದಿನವೂ ತಡವಾದವರಲ್ಲ. ಅದನ್ನು ಅವರು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು.

1996ರ ಡಿಸೆಂಬರ್ 2ರಂದು ನಾನು ಬಾಗಿಲು ಬಡಿದೆ. ಅದುವರೆಗೆ ಬಡಿದಿರಲಿಲ್ಲ. ಸರ್ ಚಿಲಕ ತೆಗೆದರು. ಬಾಗಿಲನ್ನು ಪೂರ್ತಿ ತೆರೆದು, ಇಡೀ ಕ್ಲಾಸು ನನ್ನನ್ನು ನೋಡುವಂತೆ ಪಕ್ಕಕ್ಕೆ ಸರಿದು ನಿಂತರು.

"ಯಾವೂರವಾ?"

"ದೊಡವಾಡರಿ ಸರ್. ಬಸ್ ತಡಾ ಆತ್ರಿ."

"ಮನ್ಯಾಗ ಎಮ್ಮಿ ಅದಾವ?"

"ಎರಡ ಅದಾವ್ರಿ."

"ಸಂಜೀಕ ಹೊತ್ತಿಗೆ ಸರಿಯಾಗಿ ಹಟ್ಟಿಗೆ ಬರತಾವಿಲ್ಲೊ?"

"ಬರತಾವ್ರಿ."

"ಹಂಗಾದ್ರ ನಾಳಿಂದ ಅವನ್ನ ಕಳಸು. ಹಾಜರಿಯೊಳಗ ಅವುಗಳ ಹೆಸರ ಹಚ್ಚತೇನಿ. ನೀ ಅವುಗಳ ಬದಲಿ ಮೇಯಾಕ ಹೋಗು."

ಬಾಗಿಲು ಮುಚ್ಚಿತು, ಚಿಲಕ ಬಿತ್ತು. ಒಳಗಿನ ನಗು ಕಾರಿಡಾರಿನ ಕೊನೆಯವರೆಗೂ ಬಂತು. ಎಷ್ಟು ಜನ ನಕ್ಕರು ಎಂದು ಎಣಿಸಲು ಆಗಲಿಲ್ಲ. ನನ್ನ ಡೈರಿಯಲ್ಲಿ ಖಾಲಿ ಉಳಿದಿರುವ ಲೆಕ್ಕ ಅದೊಂದೇ.

1997ರ ಮಾರ್ಚ್ 3ರಂದು ನೋಟಿಸ್ ಬೋರ್ಡಿನ ಮೇಲೆ ಪಟ್ಟಿ ಬಂತು. ಅರ್ಥಶಾಸ್ತ್ರದಲ್ಲಿ ಒಟ್ಟು ನಡೆದ ಪಾಠ 118. ಪರೀಕ್ಷೆಗೆ ಕೂರಲು ನೂರಕ್ಕೆ ಎಪ್ಪತ್ತೈದು, ಅಂದರೆ 89 ಹಾಜರಿ ಬೇಕು. ನನ್ನದು 77. ಜ್ವರ ಬಂದು ಮಲಗಿದ್ದು ನಾಲ್ಕು ದಿನ, ಚಿಲಕ ಬಿದ್ದದ್ದು ಮೂವತ್ತೇಳು. ಹನ್ನೆರಡು ದಿನ ಕಡಿಮೆಯಾದದ್ದಕ್ಕೆ ಒಂದು ವರ್ಷ ಹೋಯಿತು. ಅಪ್ಪ ನನ್ನನ್ನು ಕಾಲೇಜಿನ ಗೇಟಿನಿಂದಲೇ ಮನೆಗೆ ಕರೆದುಕೊಂಡು ಹೋದರು. ಮತ್ತೆ ಕಳಿಸುವ ಮಾತೇ ಎತ್ತಲಿಲ್ಲ.

ಆಮೇಲಿನ ಆರು ವರ್ಷ ಬೇಗ ಹೇಳಿ ಮುಗಿಸುತ್ತೇನೆ. ರಾಮದುರ್ಗದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಟೈಪಿಂಗ್ ಕಲಿತೆ. ಅಲ್ಲಿಂದಲೇ ಖಾಸಗಿಯಾಗಿ ಬಿ.ಎ. ಪರೀಕ್ಷೆಗೆ ಕೂತು ಎರಡು ವಿಷಯಗಳಲ್ಲಿ ನಪಾಸಾದೆ. ಅದರಲ್ಲಿ ಒಂದು ಅರ್ಥಶಾಸ್ತ್ರ. 2000ದಲ್ಲಿ ಸವದತ್ತಿಗೆ ಬಂದು ಸೋದರಮಾವನ ಎಸ್.ಟಿ.ಡಿ. ಬೂತಿನಲ್ಲಿ ಕೂತೆ. ಗಾಜಿನ ಡಬ್ಬಿಯೊಳಗೆ ಮಾತಾಡುವವರ ನಿಮಿಷ ಸೆಕೆಂಡುಗಳನ್ನು ಮಾಪಕದಲ್ಲಿ ನೋಡಿ ವಹಿಯಲ್ಲಿ ಬರೆಯುವ ಕೆಲಸ. ನನಗೆ ಹೇಳಿ ಮಾಡಿಸಿದಂಥದು. ಆ ಮೂರು ವರ್ಷದಲ್ಲಿ ಸರ್ ಅವರನ್ನು ಮರೆತ ದಿನ ಒಂದೂ ಇಲ್ಲ. 9-45 ಆದರೆ ಕೈ ತಾನೇ ನಿಲ್ಲುತ್ತಿತ್ತು. ಮಾವ ಕೇಳುತ್ತಿದ್ದರು: "ಏನ ದಿನಾ ಇದ ಹೊತ್ತಿಗೆ ಗಡಿಯಾರದ ಮ್ಯಾಲ ಕಣ್ಣ ನೆಡತಿ, ಯಾರರ ಬರವರ ಅದಾರೇನ?"

2003ರ ಏಪ್ರಿಲ್‌ನಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಮನೆಯವರೊಂದಿಗೆ ಬಂದಿದ್ದ ಕಿತ್ತೂರಿನ ಹುಡುಗಿಯೊಬ್ಬಳು ಬೂತಿನಿಂದ ಗೆಳತಿಗೆ ಫೋನು ಮಾಡಿದಳು. ಮೂರು ನಿಮಿಷ ನಲವತ್ತು ಸೆಕೆಂಡಿನ ಮಾತು. ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. "ನಮ್ಮೂರ ಎಕನಾಮಿಕ್ಸ್ ಸರ್ ಇನ್ನೂ ಹಂಗ ಚಿಲಕಾ ಹಾಕ್ತಾರಲೇ," ಎಂದಳು. "ಇನ್ನ ಎರಡ ವರ್ಷಕ್ಕ ರಿಟೈರ್ ಆಗ್ತಾರಂತ, ಆಮ್ಯಾಲ ಹುಡುಗ್ರು ಆರಾಮ."

ಎರಡು ವರ್ಷ. ಅವರು ಹಾರ ಹಾಕಿಸಿಕೊಂಡು, ಶಾಲು ಹೊದ್ದು, ಸಮಯಪಾಲನೆಯ ಮೇಲೆ ಭಾಷಣ ಕೇಳಿಸಿಕೊಂಡು ಕಿತ್ತೂರಿಗೆ ಹೋಗಿಬಿಡುತ್ತಾರೆ. ನನ್ನ ಮೂವತ್ತೇಳು ದಿನಗಳು ಡೈರಿಯಲ್ಲೇ ಇರುತ್ತವೆ. ಆ ಹುಡುಗಿ ಹೊರಗೆ ಬರುವ ಮೊದಲೇ ನಾನು ತೀರ್ಮಾನ ಮಾಡಿದ್ದೆ. ಪದವಿ ಬೇಕಾಗಿತ್ತು ಎಂದು ಎಲ್ಲರಿಗೂ ಹೇಳಿದೆ. ಸುಳ್ಳಲ್ಲ. ಆದರೆ ಅದೇ ಕೋಣೆಯಲ್ಲಿ, ಅದೇ ವರ್ಷವನ್ನು, ಅವರ ಕಣ್ಣೆದುರಿಗೆ ಕೂತು ವಾಪಸು ತೆಗೆದುಕೊಳ್ಳಬೇಕಾಗಿತ್ತು. ಕೊನೆಯ ಪಾಠದ ದಿನ ಎದ್ದು ನಿಂತು ಮೂವತ್ತೇಳು ದಿನಾಂಕಗಳನ್ನು ಕ್ಲಾಸಿನ ಎದುರಿಗೆ ಒಂದೊಂದಾಗಿ ಓದಬೇಕಾಗಿತ್ತು.

ಬೂತು ಬಿಟ್ಟು ಊರಿಗೆ ಮರಳಿ, ಜುಲೈ 7ರಂದು ಹೆಸರು ಹಚ್ಚಲು ಹೋದೆ. ಆಫೀಸಿನ ಕ್ಲಾರ್ಕರು ಅರ್ಜಿ ನೋಡದೆ ಕೇಳಿದರು: "ತಂಗಿ ಹೆಸರ ಹಚ್ಚಾಕ ಬಂದೀರೇನ್ರಿ?"

"ನಂದ್ರಿ."

"ನಿಮ್ಮದಾ? ಎಷ್ಟರಿ ವಯಸ್ಸು?"

"ಇಪ್ಪತ್ತಾರು."

"ನಮ್ಮ ಹೊಸಾ ಲೆಕ್ಚರರ್‌ಗಿಂತ ಎರಡ ವರ್ಷ ಹಿರ್ಯಾರಾದ್ರಿ." ನಕ್ಕರು, ಆದರೆ ಕೆಟ್ಟ ಮನುಷ್ಯನಲ್ಲ. ನಿಯಮದ ಪುಸ್ತಕ ತಿರುವಿ, ಮೊದಲ ವರ್ಷದ ಅಂಕ ಇನ್ನೂ ನಡೆಯುತ್ತದೆ, ಎರಡನೆಯ ವರ್ಷ ಮಾತ್ರ ಮೊದಲಿನಿಂದ ಕೂರಬೇಕು ಎಂದು ಹುಡುಕಿ ಹೇಳಿದರು.

ಮೊದಲ ದಿನ ಬಾಗಿಲಿನ ಪಕ್ಕದ ಮೊದಲ ಬೆಂಚಿನಲ್ಲಿ ಕೂತೆ. ಸರ್ 9-38ಕ್ಕೆ ಬಂದರು. ಕೂದಲು ಬೆಳ್ಳಗಾಗಿತ್ತು, ನಡಿಗೆ ಅದೇ ಇತ್ತು. ನನ್ನನ್ನು ನೋಡಿ ನಿಂತರು. ಗುರುತು ಹಿಡಿದರು ಎಂದುಕೊಂಡೆ.

"ಯಾರ ಪಾಲಕರ್ರಿ ನೀವು?" ಎಂದರು. "ಪಾಲಕರ ಮೀಟಿಂಗ್ ಶನಿವಾರ ಐತ್ರಿ."

"ನಾ ಇದ ಕ್ಲಾಸಿನಾಕಿರಿ ಸರ್."

"ಹೌದಾ? ಮತ್ತ ಕುಂದರವಾ. ಹೊತ್ತಾತು."

ಒಂದು ಉಸಿರಿನಲ್ಲಿ 'ನೀವು' ಹೋಗಿ 'ಕುಂದರವಾ' ಬಂತು. ಅದಕ್ಕಿಂತ ಹೆಚ್ಚು ಸುಟ್ಟದ್ದು, ನಾನು ಅವರಿಗೆ ನೆನಪೇ ಇಲ್ಲದ್ದು. ಆರು ವರ್ಷ ನಾನು ದಿನಕ್ಕೊಮ್ಮೆ ಅವರನ್ನು ನೆನೆದಿದ್ದೆ.

ಈ ಸಲ ನಾನು ವಸ್ತಿ ಬಸ್ಸನ್ನು ನಂಬಲಿಲ್ಲ. ಏಳು ಗಂಟೆಗೆ ಊರಿನಿಂದ ಹಾಲಿನ ಟೆಂಪೊ ಹೊರಡುತ್ತಿತ್ತು. ಕ್ಯಾನುಗಳ ನಡುವೆ ಕೂತು ಏಳೂ ಮುಕ್ಕಾಲಿಗೆಲ್ಲ ಕಾಲೇಜು ಮುಟ್ಟಿ ಎರಡು ತಾಸು ಮೆಟ್ಟಿಲ ಮೇಲೆ ಓದುತ್ತಿದ್ದೆ. ದಿನವೂ ಎರಡು ವಿಷಯ ಬರೆಯುತ್ತಿದ್ದೆ: ನಾನು ಬಂದ ಹೊತ್ತು, ಸರ್ ಬಂದ ಹೊತ್ತು. ಅವರು ಒಂದು ದಿನವಾದರೂ ತಡವಾಗಲಿ, ಚಿಲಕ ನಾನೇ ಹಾಕುತ್ತೇನೆ ಎಂದು ಕಾಯುತ್ತಿದ್ದೆ. ಆ ಸುಖವನ್ನು ಅವರು ನನಗೆ ಕೊಡಲಿಲ್ಲ. ವರ್ಷವಿಡೀ 9-40 ದಾಟಲೇ ಇಲ್ಲ. ಇದನ್ನೂ ಬರೆಯಬೇಕು, ಬರೆದಿದ್ದೇನೆ.

ಕ್ಲಾಸಿನ ಹುಡುಗ ಹುಡುಗಿಯರು ನನ್ನನ್ನು "ಅಕ್ಕಾರ" ಎಂದು ಕರೆಯತೊಡಗಿದರು. ನಮ್ಮೂರಿನಿಂದಲೂ ಐದು ಹುಡುಗಿಯರು ಬರುತ್ತಿದ್ದರು, ವಸ್ತಿ ಬಸ್ಸಿನಲ್ಲಿ. ವಾರದಲ್ಲಿ ಒಂದೆರಡು ದಿನ ಅವರ ಬಡಿತ ಬಾಗಿಲಿನ ಹೊರಗೆ ಕೇಳುತ್ತಿತ್ತು. ನಾನು ಬೆಂಚಿನ ಮೇಲೆ ಕೂತು ಕೇಳುತ್ತಿದ್ದೆ. ಆಗ ನನಗೆ ಅವರ ಚಿಂತೆ ಇರಲಿಲ್ಲ. ಸರ್ ಅವರ ಮೇಲಿನ ಲೆಕ್ಕಕ್ಕೆ ಇನ್ನಷ್ಟು ಸೇರಿತು ಎಂದು ಒಳಗೊಳಗೇ ಖುಷಿಪಡುತ್ತಿದ್ದೆ.

ಸೆಪ್ಟೆಂಬರ್‌ನಲ್ಲಿ ಸಂಖ್ಯಾಶಾಸ್ತ್ರದ ಭಾಗ ಸುರುವಾಯಿತು. ಕೋಷ್ಟಕ ಹಾಕುವುದನ್ನು ಕಲಿಸಿ, ನಿಮ್ಮ ಮನೆಯ, ಊರಿನ ಯಾವುದಾದರೂ ನಿಜವಾದ ಅಂಕಿಗಳನ್ನು ತನ್ನಿ ಎಂದರು ಸರ್. ಯಾರೋ ಬೋರ್‌ವೆಲ್ಲಿನ ಆಳ ತಂದರು, ಯಾರೋ ಕುರಿಗಳ ಸಂಖ್ಯೆ ತಂದರು. ನಾನು ಕೊನೆಯ ಪಾಠದವರೆಗೆ ಕಾಯಬೇಕೆಂದಿದ್ದವಳು ತಡೆದುಕೊಳ್ಳಲಾಗದೆ ಮೂವತ್ತೇಳು ದಿನಾಂಕಗಳ ಹಾಳೆ ತೆಗೆದುಕೊಂಡು ಹೋದೆ. ಮೇಲೆ ಹೆಸರಿರಲಿಲ್ಲ. "ದೊಡವಾಡದ ಒಬ್ಬ ವಿದ್ಯಾರ್ಥಿನಿ ಬಾಗಿಲ ಹೊರಗೆ ನಿಂತ ದಿನಗಳು, 1996–97" ಎಂದಷ್ಟೇ ಇತ್ತು. ಅವರ ಬಾಯಿಂದಲೇ ಓದಿಸಿ, ಆ ವಿದ್ಯಾರ್ಥಿನಿ ಯಾರು ಎಂದು ಕೇಳಿದಾಗ ಎದ್ದು ನಿಲ್ಲುವ ಯೋಚನೆ.

ಅಂದು ಸೆಪ್ಟೆಂಬರ್ 16, ಮಂಗಳವಾರ. ಸರ್ ಹಾಳೆ ನೋಡಿದರು. ಮುಖ ಬದಲಾಗಲಿಲ್ಲ.

"ಇದು ಯಾದಿ ಆತು. ಕೋಷ್ಟಕ ಎಲ್ಲೈತಿ? ಬರೇ ತಾರೀಖ ಬರದ್ರ ಏನ ತಿಳೀತೈತಿ? ಬೋರ್ಡಿಗೆ ಬಾ. ವಾರದ ಪ್ರಕಾರ ವಿಂಗಡಸು."

ಕರಿಹಲಗೆಯ ಮೇಲೆ ಸೋಮವಾರದಿಂದ ಶನಿವಾರದವರೆಗೆ ಆರು ಸಾಲು ಎಳೆದೆ. ಡೈರಿಗಳು ಚೀಲದಲ್ಲೇ ಇದ್ದವು, ಪ್ರತಿ ಪುಟದ ಮೇಲೂ ವಾರ ಅಚ್ಚಾಗಿರುತ್ತದೆ. ಒಬ್ಬ ಹುಡುಗಿ ಪುಟ ತಿರುವಿ ವಾರ ಕೂಗಿದಳು, ನಾನು ಗೀಟು ಹಾಕಿದೆ. ಗೆದ್ದವಳ ಹಾಗೆ ದೊಡ್ಡ ದೊಡ್ಡ ಗೀಟು. ಸೋಮವಾರ. ಗುರುವಾರ. ಸೋಮವಾರ. ಗುರುವಾರ. ಗುರುವಾರ. ಹದಿನೈದನೆಯ ಗೀಟಿನ ಹೊತ್ತಿಗೆ ನನ್ನ ಕೈ ನಿಧಾನವಾಯಿತು. ಉಳಿದ ಸಾಲುಗಳು ಬಹುತೇಕ ಖಾಲಿ. ಕೊನೆಗೆ ಬಂದದ್ದು: ಸೋಮವಾರ 16, ಗುರುವಾರ 15, ಉಳಿದ ನಾಲ್ಕು ವಾರ ಸೇರಿ 6.

"ನೋಡ್ರಿ," ಎಂದರು ಸರ್ ಕ್ಲಾಸಿನ ಕಡೆ ತಿರುಗಿ, ನಿಜವಾಗಿ ಸಂತೋಷದಿಂದ. "ಕೋಷ್ಟಕ ಹಾಕೂದು ಇದಕ್ಕ. ಯಾದಿಯೊಳಗ ಕಾಣದ್ದು ಇಲ್ಲಿ ಕಾಣ್ತು. ಹೇಳವಾ, ಸೋಮವಾರ ಗುರುವಾರ ನಿಮ್ಮೂರಾಗ ಏನ ಇರತೈತಿ?"

ಅವರು ಕೇಳುವ ಮೊದಲೇ ನನಗೆ ಗೊತ್ತಾಗಿತ್ತು. ವಸ್ತಿ ಬಸ್ಸಿನ ಡ್ರೈವರು, ಕಂಡಕ್ಟರಿಗೆ ಬೆಳಗಿನ ನಾಷ್ಟಾ ಊರಿನ ಮನೆಗಳಿಂದ ಪಾಳಿಯ ಮೇಲೆ ಆಗುತ್ತಿತ್ತು. ಒಂದೊಂದು ಮನೆಗೆ ವಾರದಲ್ಲಿ ಒಂದು ದಿನ. ನಮ್ಮ ಮನೆಗೆ ಮಾತ್ರ ಎರಡು. ಸೋಮವಾರ, ಗುರುವಾರ.

"ಗೊತ್ತಿಲ್ರಿ ಸರ್," ಎಂದೆ.

"ಕಾರಣ ಗೊತ್ತಿಲ್ಲದ ಅಂಕಿ ತಗೊಂಡ ಏನ ಮಾಡತಿ? ಹುಡುಕು. ಆಮ್ಯಾಲ ಬಾ." ಎಂದು ಡಸ್ಟರ್ ತೆಗೆದುಕೊಂಡು ನನ್ನ ಮೂವತ್ತೇಳು ಗೀಟುಗಳನ್ನು ಎರಡು ಸಲಕ್ಕೆ ಅಳಿಸಿದರು.

ಊರಿಗೆ ಹೋದಾಗ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಚೀಲ ಇಳಿಸದೆ ಕೇಳಿದೆ.

"ಡ್ರೈವರಗ ನಾಷ್ಟಾ ಎಷ್ಟೊತ್ತಿಗೆ ಕೊಡ್ತಿ ನೀ?"

"ನೀ ಬಸ್ಸಿಗೆ ಹೋದಿಂದ ಕರದ ಕುಂದರಸತಿದ್ದೆ. ಯಾಕ?"

"ಎಷ್ಟೊತ್ತ ಕುಂಡ್ರತಿದ್ರು?"

"ತಾಸ ನೋಡಿ ಉಣಸಾಕ ನಾ ಏನ ನಿನ್ನಂಗ ಡೈರಿ ಬರೀತೇನೇನ? ಬಿಸಿ ರೊಟ್ಟಿ, ಪಲ್ಯಾ, ಮ್ಯಾಲೊಂದೀಟ ಮೊಸರನ್ನ. ಬಡಿದಂಗ ಬಡಿದಂಗ ಹಾಕೂದು."

"ಎಂಟೂ ಮುಕ್ಕಾಲಕ್ಕ ಬಸ್ ಬಿಡಬೇಕ ಯವ್ವಾ."

"ಉಣ್ಣಾಕ ಕುಂತಾವರನ್ನ ಏಳರಿ ಅನ್ನಾಕ ಬರತೈತೇನ?"

"ಮತ್ತ ಎಲ್ಲಾರದೂ ಒಂದ ಪಾಳಿ, ನಮ್ಮದ ಯಾಕ ಎರಡು?"

ಅವ್ವ ರೊಟ್ಟಿ ತಿರುವಿ ಹಾಕಿ, ನನ್ನ ಕಡೆ ನೋಡದೆ ಹೇಳಿದಳು: "ನಿನ್ನ ಸಲುವಾಗಿ ಕೇಳಿ ಇಸಗೊಂಡಿದ್ದೆ. ನನ್ನ ಮಗಳ ದಿನಾ ನಿಮ್ಮ ಬಸ್ಸಿಗೆ ಬರತಾಳ, ಗದ್ಲದಾಗ ನಿಂದರಸಬ್ಯಾಡ್ರಿ, ಕುಂದ್ರಾಕ ಜಾಗಾ ಕೊಡ್ರಿ ಅಂದಿದ್ದೆ. ಕೊಡತಿದ್ರಿಲ್ಲೊ?"

ಕೊಡುತ್ತಿದ್ದರು. ಡ್ರೈವರಿನ ಹಿಂದಿನ ಸೀಟು ನನಗೆ ಯಾವಾಗಲೂ ಸಿಗುತ್ತಿತ್ತು. ಎಂಟೂ ಇಪ್ಪತ್ತಕ್ಕೇ ಹೋಗಿ ಕೂರುತ್ತೇನೆ, ಅದಕ್ಕೇ ಸಿಗುತ್ತದೆ ಎಂದುಕೊಂಡಿದ್ದೆ. ಡ್ರೈವರು ಕೈ ಒರೆಸಿಕೊಳ್ಳುತ್ತ ತಡವಾಗಿ ಬರುವುದನ್ನು ಆ ಸೀಟಿನಿಂದಲೇ ನೋಡಿ ಶಾಪ ಹಾಕಿದ್ದೆ. ಯಾರ ಮನೆಯಲ್ಲಿ ಉಂಡು ಬಂದ ಎಂಬುದನ್ನು ವಾರದೊಂದಿಗೆ ಕೂಡಿಸಿ ನೋಡಿರಲಿಲ್ಲ. ದಿನಾಂಕ ಬರೆದಿಟ್ಟದ್ದೇ ದೊಡ್ಡ ಕೆಲಸ ಎಂದುಕೊಂಡಿದ್ದೆ.

"ಈಗ ನಾ ಟೆಂಪೋದಾಗ ಹೋಗ್ತೇನಲ್ಲ. ಒಂದ ಪಾಳಿ ಬಿಡು."

"ಊರಾಗಿನ ಉಳದ ಹುಡಿಗ್ಯಾರ ಹೋಗೂದಿಲ್ಲೇನ? ಅವರೂ ಕುಂದರಬೇಕಿಲ್ಲೊ?"

ಆ ಸಿಟ್ಟಿಗೆ ಅವ್ವನ ರೊಟ್ಟಿಯನ್ನು ನಾಲ್ಕು ದಿನ ಮುಟ್ಟಲಿಲ್ಲ. ಕಾಲೇಜಿನ ಎದುರಿನ ಅಂಗಡಿಯಲ್ಲಿ ಚುರುಮುರಿ ತಿಂದೆ. ಐದನೆಯ ದಿನ ಭಾನುವಾರ, ಅಂಗಡಿಗೆ ಹೋಗುವಂತಿರಲಿಲ್ಲ, ಹಸಿವಾಯಿತು, ತಿಂದೆ. ತಿನ್ನುತ್ತ ಲೆಕ್ಕ ಹಾಕಿದೆ. ಮೂವತ್ತೊಂದು ದಿನ ಬಸ್ಸು ತಡವಾದದ್ದು ನಮ್ಮ ಒಲೆಯಿಂದ. ಸರಿ. ಆದರೆ ಆ ಬಾಗಿಲಿಗೆ ಚಿಲಕ ಹಾಕಿದ್ದು ಅವ್ವನಲ್ಲ. ನನಗೆ ಮೇಯಲು ಹೋಗು ಎಂದದ್ದು ಅವ್ವನಲ್ಲ. ತಡವಾದದ್ದರ ಕಾರಣ ಬದಲಾಗಿತ್ತು, ಚಿಲಕದ ಒಡೆಯರು ಬದಲಾಗಿರಲಿಲ್ಲ. ಅವ್ವ ಪಾಳಿ ಬಿಡುವುದಿಲ್ಲ, ಸರ್ ಚಿಲಕ ಬಿಡುವುದಿಲ್ಲ. ನಡುವೆ ಬಾಗಿಲ ಪಕ್ಕದ ಬೆಂಚಿನಲ್ಲಿ ನಾನಿದ್ದೆ.

ಮರುದಿನ ಸೆಪ್ಟೆಂಬರ್ 22, ಸೋಮವಾರ. 9-45ಕ್ಕೆ ಸರ್ ಚಿಲಕ ಹಾಕಿ ಮೇಜಿನ ಕಡೆ ಹೋದರು. 9-47ಕ್ಕೆ ಬಡಿತ ಕೇಳಿತು. ನಾನು ಎದ್ದು ಚಿಲಕ ತೆಗೆದೆ. ನಮ್ಮೂರಿನ ಮೂವರು ಹುಡುಗಿಯರು ಒಳಗೆ ಬರಲೋ ಬೇಡವೋ ಎಂದು ನಿಂತರು. "ಬರ್ರೆ," ಎಂದೆ.

"ಯಾರ ತಗೀ ಅಂದ್ರು ನಿನಗ?"

"ಯಾರೂ ಅಂದಿಲ್ರಿ ಸರ್. ನೀವಿನ್ನೂ ಹಾಜರಿ ಕೂಗಿಲ್ಲ. ಈಗ ಅವರು ಒಳಗ ಅದಾರ್ರಿ. ಒಳಗ ಇದ್ದಾವರಿಗೆ ಹಾಜರಿ ಅಂತ ನೀವ ಹೇಳೀರಿ."

ಸರ್ ಹಾಜರಿ ಪುಸ್ತಕ ತೆರೆದರು, ಪೆನ್ನಿನ ಟೋಪಿ ತೆಗೆದರು. "ಬರೋಬರಿ," ಎಂದರು. "ಅವರಿಗೆ ಹಾಜರಿ. ಬಾಗಲಾ ತಗದಾಕಿಗೆ ಗೈರು. ಇವತ್ತಿಂದ ಇದೂ ಒಂದ ನಿಯಮ."

ಅವರು ನಿಯಮದ ಮನುಷ್ಯ. ಹೇಳಿದ್ದಕ್ಕಿಂತ ಒಂದು ಕೂದಲು ಹೆಚ್ಚು ಮಾಡುವುದಿಲ್ಲ, ಕಡಿಮೆ ಮಾಡುವುದಿಲ್ಲ. ಅವರನ್ನು ಹಿಡಿಯಬೇಕಾದರೆ ಅಲ್ಲೇ ಹಿಡಿಯಬೇಕು. ಆಫೀಸಿನ ಗೋಡೆಯ ಕ್ಯಾಲೆಂಡರಿನಲ್ಲಿ ರಜೆಗಳನ್ನು ಕಳೆದು ಎಣಿಸಿದೆ. ಆ ವರ್ಷ ಒಟ್ಟು 112 ಪಾಠ ಆಗಬೇಕು. ಎಪ್ಪತ್ತೈದರ ಲೆಕ್ಕಕ್ಕೆ 84 ಹಾಜರಿ ಬೇಕು. ಅದುವರೆಗೆ ನಾನು ಒಂದು ದಿನವೂ ತಪ್ಪಿಸಿರಲಿಲ್ಲ. ಅಂದರೆ ನನ್ನ ಹತ್ತಿರ ಇಪ್ಪತ್ತೆಂಟು ಗೈರು ಇದ್ದವು. ಇಪ್ಪತ್ತೆಂಟು ಸಲ ಆ ಚಿಲಕ ತೆಗೆಯಬಹುದು. ಇಪ್ಪತ್ತೊಂಬತ್ತನೆಯದಕ್ಕೆ ಮತ್ತೆ ಅದೇ ನೋಟಿಸ್ ಬೋರ್ಡು, ಅದೇ ಪಟ್ಟಿ, ಅದೇ ವರ್ಷ. ನಡುವೆ ಒಂದು ಪಾಠ ರದ್ದಾದರೂ ಲೆಕ್ಕ ಕೆಡುತ್ತಿತ್ತು. ಆದರೆ ಸರ್ ಒಂದು ದಿನವೂ ರಜೆ ಹಾಕುವವರಲ್ಲ. ಅವರ ಮೇಲೆ ಸೇಡು ತೀರಿಸಿಕೊಳ್ಳಲು ನನಗಿದ್ದ ಜಾಮೀನು ಅವರ ಸಮಯಪಾಲನೆಯೇ.

ಅಂದಿನಿಂದ ಎಲ್ಲ ಸೋಮವಾರ, ಗುರುವಾರ ಅವ್ವ ಊರಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು, ನಾನು ಬೈಲಹೊಂಗಲದಲ್ಲಿ ಚಿಲಕ ತೆಗೆಯುತ್ತಿದ್ದೆ. ತೆಗೆದಾಗಲೆಲ್ಲ ಸರ್ ತಲೆಯೆತ್ತದೆ ನನ್ನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗೈರು ಬರೆಯುತ್ತಿದ್ದರು. ನಾನು ಎದುರಿಗೇ ಕೂತು ನೋಟ್ಸು ಬರೆಯುತ್ತಿದ್ದೆ. ಪ್ರಶ್ನೆ ಕೇಳಿದರೆ ಉತ್ತರ ಹೇಳುತ್ತಿದ್ದೆ. ಒಮ್ಮೆ ಅವರೇ ಎಂದರು: "ಗೈರು ಇದ್ದಾಕಿ ಭಾಳ ಚೊಲೋ ಉತ್ತರಾ ಹೇಳ್ತಾಳ." ಕ್ಲಾಸು ನಕ್ಕಿತು. ಈ ಸಲ ಎಣಿಸಿದೆ. ಹತ್ತೊಂಬತ್ತು.

ಜನವರಿಯಲ್ಲಿ ನನ್ನ ಸಂಗ್ರಹ ಇಳಿಯುತ್ತ ಬಂದಾಗ ಇನ್ನೊಂದು ಕೋಷ್ಟಕ ಹಾಕಿದೆ. ತಿಂಗಳಿಗೊಮ್ಮೆ ಸರ್ ಬೋರ್ಡಿಗೆ ಹಚ್ಚುತ್ತಿದ್ದ ಹಾಜರಿಯನ್ನು ನೋಡಿ, ಕ್ಲಾಸಿನ ಅರವತ್ಮೂರು ಜನರಲ್ಲಿ ಯಾರ ಹತ್ತಿರ ಎಷ್ಟು ಗೈರು ಉಳಿದಿವೆ ಎಂದು ಬರೆದೆ. ಬೆಂಚಿನಿಂದ ಬೆಂಚಿಗೆ ಕಳಿಸಿದೆ. ಯಾರನ್ನೂ ಏನೂ ಕೇಳಲಿಲ್ಲ. ಹಾಳೆ ಮಡಚಿಕೊಂಡು ಮೂರು ದಿನದ ನಂತರ ನನ್ನ ಕೈಗೆ ಬಂತು. ಅದರ ಮೇಲೆ ಒಂದು ಚಹಾದ ಕಲೆ ಇತ್ತು, ಮಾತು ಒಂದೂ ಇರಲಿಲ್ಲ.

2004ರ ಫೆಬ್ರವರಿ 26, ಗುರುವಾರ. ನನ್ನ ಇಪ್ಪತ್ತೆಂಟೂ ಮುಗಿದಿದ್ದವು. 9-45ಕ್ಕೆ ಚಿಲಕ ಬಿತ್ತು. 9-48ಕ್ಕೆ ಬಡಿತ.

ಸರ್ ಮೇಜಿನ ಹಿಂದೆ ಕೂತು ನನ್ನನ್ನೇ ನೋಡುತ್ತಿದ್ದರು. ಅಂದು ಅವರಿಗೆ ಅವಸರವಿರಲಿಲ್ಲ.

"ಇಪ್ಪತ್ತೆಂಟು ಆದೂ, ಇಲ್ಲೇನವಾ?" ಎಂದರು.

ಅವರೂ ಎಣಿಸಿದ್ದರು. ನನಗೆ ಅದು ಹೊಳೆದೇ ಇರಲಿಲ್ಲ. ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಎದ್ದರೆ ಅದೇ ಮನುಷ್ಯನ ಕೈಯಿಂದ ಅದೇ ವರ್ಷ ಎರಡನೆಯ ಸಲ ಹೋಗುತ್ತದೆ. ಏಳದಿದ್ದರೆ ಹೊರಗೆ ನಿಂತವರು ನಾನೇ. ಮತ್ತೆ ಬಡಿದರು. ನಾನು ಏಳಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಏಳಲಿಲ್ಲ.

ಹಿಂದಿನ ಬೆಂಚಿನಿಂದ ಯಾರೋ ಬಂದ ಸದ್ದಾಯಿತು. ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಸುರೇಬಾನದ ಹುಡುಗಿ, ವರ್ಷವಿಡೀ ನನ್ನೊಂದಿಗೆ ಹತ್ತು ಮಾತು ಆಡಿರಲಿಲ್ಲ. ನಡೆದು ಬಂದು ಚಿಲಕ ತೆಗೆದಳು.

"ಸರ್, ನನ್ನವು ಒಂಬತ್ತ ಉಳದಾವ್ರಿ," ಎಂದಳು. "ಒಂದ ಬರಕೋರಿ."

ಅವಳ ಹಿಂದಿನಿಂದ ಒಬ್ಬ ಹುಡುಗ ಕೂತಲ್ಲಿಂದಲೇ ಹೇಳಿದ: "ನನ್ನವು ಹದಿನಾರು ಅದಾವ್ರಿ ಸರ್. ಸೋಮವಾರದ್ದು ನನ್ನ ಹೆಸರ್ಲೆ ಇರ್ಲಿ."

ಸರ್ ಪೆನ್ನು ಕೆಳಗಿಟ್ಟರು. "ಯಾರ ಹಾಕಿದ ಲೆಕ್ಕ ಇದು?"

ಆಗ ಎದ್ದೆ. ಕೋಷ್ಟಕದ ಹಾಳೆ ಅವರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿ, ಮೇಲಿನಿಂದ ಕೆಳಗಿನವರೆಗೆ ಓದಿ, ಕೆಂಪು ಪೆನ್ನು ತೆಗೆದುಕೊಂಡರು. "ಶೀರ್ಷಿಕೆ ಐತಿ. ಮೂಲ ಬರದಿಲ್ಲ. ಅಂಕಿ ಎಲ್ಲಿಂದ ಬಂದೂ ಅಂತ ಕೆಳಗ ಬರೀಬೇಕು."

"ಮೂಲ ನಿಮ್ಮ ಹಾಜರಿ ಪುಸ್ತಕರಿ ಸರ್. ಕೋಷ್ಟಕ ಹಾಕಾಕ ಕಲಿಸಿದಾವ್ರೂ ನೀವ."

ಏಳು ವರ್ಷ ಬಾಯಲ್ಲಿಟ್ಟುಕೊಂಡಿದ್ದನ್ನು ಅಲ್ಲೇ ಹೇಳಿದೆ. "1996ರಾಗ ಹಾಜರಿಯೊಳಗ ಎಮ್ಮಿ ಹೆಸರ ಹಚ್ಚತೇನಿ, ನೀ ಮೇಯಾಕ ಹೋಗು ಅಂದಿದ್ರಿ. ಆಕಿ ನಾನರಿ. ಬೋರ್ಡಿನ ಮ್ಯಾಲಿನ ಮೂವತ್ತೇಳ ಗೀಟ ನನ್ನವ್ರಿ."

ಸರ್ ಬಹಳ ಹೊತ್ತು ನನ್ನ ಮುಖ ನೋಡಿದರು. ಹುಡುಕುತ್ತಿದ್ದರು ಎಂದು ಕಾಣುತ್ತದೆ. ಸಿಗಲಿಲ್ಲ.

"ಎಮ್ಮಿ ಮಾತ ನಾ ಭಾಳ ಮಂದಿಗೆ ಅಂದೇನವಾ," ಎಂದರು.

ಅಷ್ಟೇ. ಹಾಜರಿ ಕೂಗಿದರು. ಸುರೇಬಾನದ ಹುಡುಗಿಗೆ ಗೈರು ಬರೆದರು. ಆಮೇಲೆ ಉಳಿದ ಏಳು ಪಾಠಗಳಲ್ಲೂ ಚಿಲಕ ಹಾಕಿದರು, ಬಡಿತ ಕೇಳಿದಾಗ ಯಾರಾದರೊಬ್ಬರು ಎದ್ದು ತೆಗೆದರು. ನನ್ನ ಹಾಜರಿ 112ಕ್ಕೆ 84, ಒಂದೂ ಹೆಚ್ಚಿಲ್ಲ. ನನ್ನ ಇಪ್ಪತ್ತೆಂಟು ಗೈರಿಗೆ ಬದಲಾಗಿ ಒಳಗೆ ಬಂದ ಹಾಜರಿಗಳು ಒಟ್ಟು ಎಂಬತ್ಮೂರು. ಪರೀಕ್ಷೆಯಲ್ಲಿ ಅವರ ವಿಷಯಕ್ಕೆ 71 ಅಂಕ ಬಂತು. ಮರುವರ್ಷ ಪದವಿಯೂ ಬಂತು. ಅದೇ ವರ್ಷ ಅವರು ಹಾರ, ಶಾಲು ತೆಗೆದುಕೊಂಡು ನಿವೃತ್ತರಾದರು. ಸಮಾರಂಭಕ್ಕೆ ಹೋಗಿದ್ದೆ. ಸಮಯಪಾಲನೆಯ ಬಗ್ಗೆ ನಾಲ್ವರು ಮಾತಾಡಿದರು. ಚಿಲಕದ ಬಗ್ಗೆ ಯಾರೂ ಮಾತಾಡಲಿಲ್ಲ.

ನನ್ನ ಸಿಟ್ಟು ಇಳಿದಿಲ್ಲ. ಇಳಿಯಬೇಕೆಂದು ನನಗನ್ನಿಸಿಯೂ ಇಲ್ಲ. ನನ್ನ ಒಂದು ಲೆಕ್ಕ ಮುಗಿಯಿತು ಎಂದು ಹಾಳೆ ಮಡಚಿಡಬಹುದಿತ್ತು, ಆದರೆ ಅವರೇ ಹೇಳಿದರಲ್ಲ, ಬಹಳ ಮಂದಿಗೆ ಅಂದಿದ್ದೇನೆ ಎಂದು. ಆ ಬಹಳ ಮಂದಿ ಎಷ್ಟು, ಯಾರು, ಅವರ ಎಷ್ಟು ವರ್ಷ ಹೋದವು ಎಂಬುದು ಯಾವ ಬೋರ್ಡಿನ ಮೇಲೂ ಇಲ್ಲ. ಈ ಕೋಷ್ಟಕವನ್ನು ನಾನು ಹಾಕುತ್ತೇನೆ. ಶೀರ್ಷಿಕೆ ಆಗಲೇ ಬರೆದಿದ್ದೇನೆ, ಕೆಳಗೆ ಮೂಲಕ್ಕೂ ಜಾಗ ಬಿಟ್ಟಿದ್ದೇನೆ. ತುಂಬಿದ ಮೇಲೆ ಒಂದು ಪ್ರತಿ ಕಿತ್ತೂರಿಗೆ ಹೋಗುತ್ತದೆ.

ಬೈಲಹೊಂಗಲದಲ್ಲಿ ಅಂಥ ಬಾಗಿಲಿನ ಹೊರಗೆ ನಿಂತವರು ಇದನ್ನು ಓದುತ್ತಿದ್ದರೆ ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಹೆಸರು ಬೇಡ. ದಿನಾಂಕ, ವಾರ, ಯಾವ ಊರಿನ ಬಸ್ಸು, ಅಷ್ಟು ಸಾಕು. ಇನ್ನೊಂದು ಮಾತು. ನನ್ನ ಮೂವತ್ತೇಳರಲ್ಲಿ ಆರು ದಿನಗಳ ಕಾರಣ ಇನ್ನೂ ಸಿಕ್ಕಿಲ್ಲ: 1996ರ ಜುಲೈ 16, ಆಗಸ್ಟ್ 21, ಸೆಪ್ಟೆಂಬರ್ 13, ಡಿಸೆಂಬರ್ 7 ಮತ್ತು 17, 1997ರ ಜನವರಿ 31. ಆ ಬೆಳಿಗ್ಗೆಗಳಲ್ಲಿ ದೊಡವಾಡದ ವಸ್ತಿ ಬಸ್ಸು ಯಾರ ಮನೆಯ ರೊಟ್ಟಿಗಾಗಿ ಕಾಯಿತು ಎಂಬುದು ಗೊತ್ತಿದ್ದವರು ದಯವಿಟ್ಟು ತಿಳಿಸಿ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೋಷ್ಟಕದಲ್ಲಿ ಖಾಲಿ ಮನೆ ಉಳಿಯಬಾರದು, ಅಷ್ಟೇ.